ದೀಪ ಹಿಡಿಯುವ ಕೆಲಸ

ನಿಂತುಹೋದ ಕಾರಿನ ಸುತ್ತ ಜನ ಸೇರುವಷ್ಟು ಬೇಗ ನಿಂತುಹೋದ ಮದುವೆಯ ಸುತ್ತಲೂ ಸೇರುವುದಿಲ್ಲ. ಇದು ನನ್ನ ಅನುಭವದ ಮಾತು. ಮೈಸೂರಿನ ಯಾವ ಬೀದಿಯಲ್ಲಾದರೂ ನಿಮ್ಮ ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಗಲಿ, ಎರಡು ನಿಮಿಷದೊಳಗೆ ನಾಲ್ವರು ಹಾಜರಾಗುತ್ತಾರೆ. ಒಬ್ಬರು, "ಪೆಟ್ರೋಲು ಇದೆಯೋ ಸ್ವಾಮಿ?" ಎಂದು ವಿಚಾರಿಸುತ್ತಾರೆ. ಇನ್ನೊಬ್ಬರು ಹೇಳದೆ ಕೇಳದೆ ಬಾನೆಟ್ಟು ಎತ್ತಿ, ಕೈಗೆ ಸಿಕ್ಕಿದ ತಂತಿಯೊಂದನ್ನು ಎಳೆದು ನೋಡುತ್ತಾರೆ. ಮೂರನೆಯವರು ತಮ್ಮ ಷಡ್ಡಕರ ಕಾರಿಗೂ ಹೀಗೆಯೇ ಆಗಿತ್ತೆಂದೂ, ಕೊನೆಗೆ ಅದನ್ನು ಬಂದಷ್ಟಕ್ಕೆ ಮಾರಬೇಕಾಯಿತೆಂದೂ ಸಮಾಧಾನ ಹೇಳುತ್ತಾರೆ. ನಾಲ್ಕನೆಯವರು ಏನೂ ಹೇಳದೆ ಪಂಚೆ ಎತ್ತಿ ಕಟ್ಟಿ, ತಳ್ಳಲು ಹಿಂದೆ ನಿಲ್ಲುತ್ತಾರೆ. ನಾಲ್ವರಲ್ಲಿ ಉಪಯೋಗಕ್ಕೆ ಬರುವವರು ಇವರೊಬ್ಬರೇ.

ಇಂಗ್ಲೆಂಡಿನಲ್ಲಿ ಹೀಗಲ್ಲ. ೨೦೨೪ರ ಏಪ್ರಿಲ್ ತಿಂಗಳಲ್ಲಿ ನಾನು ಕವೆಂಟ್ರಿ ನಗರದಲ್ಲಿ ಮಗನ ಮನೆಯಲ್ಲಿದ್ದೆ. ಮನೆಯ ಮುಂದಿನ ಗ್ಯಾರೇಜಿನಲ್ಲಿ ಮಗನ ಹಳೆಯ ಕಾರು ಹಟ ಹಿಡಿದು ಕುಳಿತಿತ್ತು. ಆರು ವಾರಗಳಲ್ಲಿ ಆ ಬೀದಿಯ ಒಬ್ಬರೇ ಒಬ್ಬರು ಅದರ ವಿಷಯ ಮಾತನಾಡಿದ್ದು. ನಾಯಿಯನ್ನು ತಿರುಗಾಡಿಸಲು ಬಂದ ವೃದ್ಧರೊಬ್ಬರು ಗ್ಯಾರೇಜಿನ ಬಾಗಿಲಲ್ಲಿ ನಿಂತು, ಕಾರನ್ನು ಪ್ರೀತಿಯಿಂದ ನೋಡಿ, "ತೇವದ ಹವೆ" ಎಂದರು. ತಪ್ಪನ್ನೆಲ್ಲ ಹವೆಯ ಮೇಲೆ ಹಾಕಿ ನಾಯಿಯೊಂದಿಗೆ ಹೊರಟುಹೋದರು. ಆ ದೇಶದಲ್ಲಿ ಕಾರಿಗಾಗಲಿ ಕೀಲುನೋವಿಗಾಗಲಿ ಸಂಸಾರಕ್ಕಾಗಲಿ ಅದೇ ಕಾರಣ ನಡೆಯುತ್ತದೆ.

ಕಾರಿನ ಪರಿಚಯ ಮಾಡಿಕೊಡಬೇಕು. ಅದು ಟ್ರಯಂಫ್ ಸ್ಪಿಟ್‌ಫೈರ್, ೧೯೭೨ರದು. ನನ್ನ ಮಗ ಹುಟ್ಟಿದ್ದೂ ಅದೇ ವರ್ಷ. ಅದನ್ನು ಕೊಳ್ಳಲು ಅವನು ತನ್ನ ಹೆಂಡತಿಗೆ ಕೊಟ್ಟ ಕಾರಣ ಇದೊಂದೇ. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತಿರುವ, ಅರಿಸಿನ ಬಣ್ಣದ ಪುಟ್ಟ ಗಾಡಿ. ಹತ್ತುವುದೆಂಬ ಮಾತು ಅದಕ್ಕೆ ಸಲ್ಲದು. ಇಳಿಯಬೇಕು, ಬಾವಿಗೆ ಇಳಿದಂತೆ. ಹೊರಗೆ ಬರುವುದನ್ನು ಹತ್ತುವುದೆನ್ನಬಹುದು. ಮೇಲಿನ ಬಟ್ಟೆಯ ಚಾವಣಿಯನ್ನು ಮಡಿಸಿ ಹಿಂದಕ್ಕೆ ಸರಿಸಿದರೆ ಆಕಾಶವೇ ಚಾವಣಿ. ವರ್ಷದಲ್ಲಿ ಹೆಚ್ಚು ದಿನ ಮಳೆ ಹನಿಸುವ ನಾಡಿನಲ್ಲಿ ಇಂಥ ಕಾರನ್ನು ೧೯೬೨ರಿಂದ ೧೯೮೦ರವರೆಗೆ ಲಕ್ಷಗಟ್ಟಲೆ ಮಾಡಿ ಮಾರಿದ ಜನರ ಆಶಾವಾದಕ್ಕೆ ನಾನು ತಲೆ ಬಾಗುತ್ತೇನೆ.

ಮೊದಲ ದಿನ ಮಗ ಗ್ಯಾರೇಜಿನ ಬಾಗಿಲು ತೆರೆದು ಅದರ ಬಾನೆಟ್ಟು ಎತ್ತಿದಾಗ ನನಗೆ ಮೈ ಜುಮ್ಮೆಂದಿತು. ಬೇರೆ ಕಾರುಗಳಲ್ಲಿ ಬಾನೆಟ್ಟೆಂದರೆ ಮೇಲಿನ ಒಂದು ಮುಚ್ಚಳ. ಇದರಲ್ಲಿ ಹಾಗಲ್ಲ. ಮಡ್‌ಗಾರ್ಡು ದೀಪ ಎಲ್ಲ ಸೇರಿ ಕಾರಿನ ಮೂತಿಯೇ ಸಮಗ್ರವಾಗಿ ಮುಂದಕ್ಕೆ ಬಾಗಿ, ಮೊಸಳೆ ಬಾಯಿ ತೆರೆದಂತೆ ತೆರೆದುಕೊಳ್ಳುತ್ತದೆ. ಮುಂದಿನ ಗಾಲಿಯ ಮೇಲೆ ಆರಾಮವಾಗಿ ಕುಳಿತು ಇಂಜಿನ್ನಿನ ಕೆಲಸ ಮಾಡಬಹುದು. ಹೀಗೆ ಕುಳಿತು ಜೀವಮಾನದ ಎಷ್ಟೋ ಭಾನುವಾರಗಳನ್ನು ನಾನು ಕಳೆದಿದ್ದೇನೆ. ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್.

ಹೆರಾಲ್ಡನ್ನು ಕಂಡ ಹಿರಿಯ ಓದುಗರು ಈಗಲೂ ಇದ್ದಾರು. ಕವೆಂಟ್ರಿಯಲ್ಲಿ ೧೯೫೯ರಲ್ಲಿ ಹುಟ್ಟಿದ ಟ್ರಯಂಫ್ ಹೆರಾಲ್ಡನ್ನು ೧೯೬೧ರಿಂದ ನಮ್ಮ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರಿನಿಂದ ತಯಾರಿಸುತ್ತಿದ್ದರು. ಇಟಲಿಯ ಮಿಕೆಲೊಟ್ಟಿ ಎಂಬಾತ ಅದರ ರೂಪವನ್ನು ಬರೆದವನು. ಸ್ಪಿಟ್‌ಫೈರಿನ ರೂಪವೂ ಅವನದೇ. ಹೆರಾಲ್ಡಿನ ಚಾಸಿಯನ್ನೇ ಮೊಟಕುಮಾಡಿ ಸ್ಪಿಟ್‌ಫೈರನ್ನು ಕಟ್ಟಿದರು. ೨೫ ಅಡಿ ಅಗಲವಿದ್ದರೆ ಸಾಕು, ನನ್ನ ಹೆರಾಲ್ಡು ಹಿಂದೆಮುಂದೆ ಹೋಗದೆ ಪೂರ್ತಿ ತಿರುಗುತ್ತಿತ್ತು. ನಮ್ಮ ಬೀದಿಯಲ್ಲಿ ಬೇರೆ ಕಾರಿನವರು ತಿರುಗಿಸಲು ಪಡುತ್ತಿದ್ದ ಪಾಡನ್ನು ನಾನು ಜಗುಲಿಯ ಮೇಲೆ ಕುಳಿತು ಸಂತೋಷದಿಂದ ನೋಡುತ್ತಿದ್ದೆ. ಅಂತೂ ಮಗನ ಸ್ಪಿಟ್‌ಫೈರು ನನ್ನ ಹೆರಾಲ್ಡಿನ ದಾಯಾದಿ. ವಿಲಾಯಿತಿಯಲ್ಲಿ ನನಗೆ ಮೊದಲು ಸಿಕ್ಕ ನೆಂಟ ಅದು.

ನಾನು ಅಲ್ಲಿಗೆ ಹೋದದ್ದು ನೆಂಟರನ್ನು ಹುಡುಕಿಕೊಂಡಲ್ಲ. ನನ್ನ ಹೆಂಡತಿ ೨೦೨೨ರಲ್ಲಿ ತೀರಿಕೊಂಡಳು. ಅವಳಿದ್ದಾಗ ಮಗನ ಟೆಲಿಫೋನು ಬಂದರೆ ಮಾತೆಲ್ಲ ಅವಳದು. ಕೊನೆಯಲ್ಲಿ, "ತೊಗೊಳ್ಳಿ, ನೀವೂ ಮಾತಾಡಿ" ಎಂದು ನನ್ನ ಕೈಗೆ ಕೊಡುವಳು. ನಾನು, "ಹ್ಞೂ, ಚೆನ್ನಾಗಿದ್ದೇನೆ, ಅಲ್ಲಿ ಮಳೆಯೇ?" ಎಂದು ಕೇಳಿ ಅವಳಿಗೇ ಹಿಂದಿರುಗಿಸುವೆ. ನಮ್ಮಿಬ್ಬರ ನಡುವೆ ಏನು ಹಾಯಬೇಕಿದ್ದರೂ ಅವಳ ಮೂಲಕ ಹಾಯುತ್ತಿತ್ತು. ಅವಳು ಹೋದ ಮೇಲೆ ಮಳೆಯ ಪ್ರಶ್ನೆ ಮಾತ್ರ ಉಳಿಯಿತು. "ಬಂದು ಮೂರು ತಿಂಗಳು ಇರಿ ಅಪ್ಪ" ಎಂದು ಮಗ ಟಿಕೇಟು ಕಳಿಸಿದ. ಬಂದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕುಳಿತು ಮಳೆಯನ್ನು ನೋಡುತ್ತಿದ್ದೆವು. ಅದರ ವಿಷಯ ಕೇಳುವ ಅಗತ್ಯವೂ ಇರಲಿಲ್ಲ.

ಆದ್ದರಿಂದ ಕಾರು ಹೊರಡದಿದ್ದುದು ನನಗೆ ಒಳಗೊಳಗೇ ಉಪಕಾರವೆನಿಸಿತು.

ನನ್ನ ಮಗನ ಉದ್ಯೋಗ ಕಾರಿನದೇ. ಹೊಸ ಕಾರುಗಳೊಳಗಿನ ಗಣಕಯಂತ್ರಗಳಿಗೆ ಬುದ್ಧಿ ಹೇಳುವ ಕೆಲಸ. ಈಗಿನ ಕಾರಿಗೆ ಕಾಯಿಲೆಯಾದರೆ ಒಂದು ಪೆಟ್ಟಿಗೆಯನ್ನು ಅದಕ್ಕೆ ಜೋಡಿಸುತ್ತಾರೆ. ಎಲ್ಲಿ ನೋವೆಂಬುದನ್ನು ಕಾರೇ ಸಂಖ್ಯೆಯ ರೂಪದಲ್ಲಿ ಹೇಳುತ್ತದೆ. ಹಳೆಯ ಕಾರು ಮೂಕಪ್ರಾಣಿ. ಹಸುವಿನ ವೈದ್ಯನಂತೆ ಮೂಸಿ, ಮುಟ್ಟಿ, ಕಿವಿಗೊಟ್ಟು ತಿಳಿಯಬೇಕು. ಮಗ ಇದನ್ನು ಮಾಡಿರಲಿಲ್ಲ. ಅವನು ಓದಿದ್ದ. ಓದಿದವರಿಗೆಲ್ಲ ಆಗುವಂತೆ ಅವನಿಗೆ ಕಾರಣಗಳು ಬೇಕಾದಷ್ಟು ಸಿಕ್ಕಿದ್ದವು.

ಹಿಂದಿನ ಶರತ್ಕಾಲದಲ್ಲಿ ಅವನು ಕಾರಿಗೆ ಸಮಗ್ರ ಸೇವೆ ಮಾಡಿದ್ದನಂತೆ: ಹೊಸ ಪ್ಲಗ್ಗು, ಹೊಸ ಪಾಯಿಂಟು, ಹೊಸ ರೋಟರು, ಹೊಸ ತಂತಿಗಳು. ಆಮೇಲೆ ಹದಿನೈದು ದಿನ ಕಾರು ಸೊಗಸಾಗಿ ಓಡಿತು. ಚಳಿಗಾಲ ಬಂದಿತೆಂದು ಹೊದಿಕೆ ಹೊದಿಸಿ ನಿಲ್ಲಿಸಿದ. ಮಾರ್ಚಿಯಲ್ಲಿ ಹೊದಿಕೆ ತೆಗೆದು ಕೀಲಿ ತಿರುಗಿಸಿದರೆ ಹೊರಡಲಿಲ್ಲ. ಚಳಿಗಾಲದ ಕೆಲಸವೇ ಇದು ಎಂದು ನಿರ್ಧರಿಸಿ ಬ್ಯಾಟರಿ ಬದಲಾಯಿಸಿದ, ಹೊರಡಲಿಲ್ಲ. ಬ್ರಿಟನ್ನಿನಲ್ಲಿ ೨೦೨೧ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ಹಳೆಯ ಕಾರುಗಳ ರಬ್ಬರನ್ನು ತಿನ್ನುತ್ತದೆ. ಬಹಳ ದಿನ ನಿಂತರೆ ನೀರನ್ನೂ ಹೀರುತ್ತದೆ. ಇದು ನಿಜವಾದ ಸಂಗತಿಯೇ. ಅದಕ್ಕಾಗಿ ಕೊಳವೆಗಳನ್ನೆಲ್ಲ ಬದಲಾಯಿಸಿ, ಹಳೆಯ ಪೆಟ್ರೋಲು ಚೆಲ್ಲಿ, ಬೇರೆ ತುಂಬಿದ, ಹೊರಡಲಿಲ್ಲ. ಪೆಟ್ರೋಲು ಪಂಪು ಬದಲಾಯಿಸಿದ. ಕಾಯಿಲ್ ಬದಲಾಯಿಸಿದ. ದಿನಕ್ಕೊಂದು ಪೊಟ್ಟಣ ಬರುತ್ತಿತ್ತು. "ಮಾವ, ನಮ್ಮ ಮದುವೆಗೂ ಇಷ್ಟು ಉಡುಗೊರೆ ಬಂದಿರಲಿಲ್ಲ" ಎಂದು ಸೊಸೆ ನನ್ನೊಡನೆ ಹೇಳಿದಳು. ಆ ತಿಂಗಳ ಕೊನೆಯೊಳಗೆ ಕಾರು ಹೊರಡದಿದ್ದರೆ ಮಾರುವುದೆಂದು ಗಂಡಹೆಂಡಿರಲ್ಲಿ ಒಪ್ಪಂದವೂ ಆಗಿತ್ತು. ಒಪ್ಪಂದವೆಂದರೆ ಅವಳು ಹೇಳಿದ್ದಳು. ಅವನು ಉತ್ತರ ಕೊಟ್ಟಿರಲಿಲ್ಲ.

"ಈ ದೇಶದ ಹಳೇ ಕಾರುಗಳ ಕರೆಂಟು ವ್ಯವಸ್ಥೆಯೇ ಹಾಗಂತೆ ಅಪ್ಪ" ಎಂದ ಮಗ ಒಂದು ಸಂಜೆ. ಲ್ಯೂಕಸ್ ಎಂಬ ಬರ್ಮಿಂಗ್‌ಹ್ಯಾಮಿನ ಸಂಸ್ಥೆ ಆ ಕಾಲದ ಬಹುಪಾಲು ಬ್ರಿಟಿಷ್ ಕಾರುಗಳಿಗೆ ದೀಪ, ಡೈನಮೋ ಮೊದಲಾದುವನ್ನು ಒದಗಿಸುತ್ತಿತ್ತು. ಅಲ್ಲಿನ ಹಾಸ್ಯಗಾರರು ಅದರ ಮೂಲಪುರುಷನನ್ನು ಕತ್ತಲೆಯ ರಾಜಕುಮಾರನೆಂದು ಕರೆಯುವುದುಂಟು. ಮಗ ನಗಲಿಲ್ಲ. ನಿಜಕ್ಕೂ ಸೋತಿದ್ದ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು. ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ ಪ್ರೇರಣೆಯನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಕಾರಿನ ವಿದ್ಯೆ ನನಗೆ ಬಂದದ್ದು ಹಲಗೆಯಿಂದಲ್ಲ, ಮೈಸೂರಿನ ನಮ್ಮ ಮೇಸ್ತ್ರಿಯಿಂದ. ಓದುಬರಹ ಹೆಚ್ಚಿಲ್ಲದ ಆತ ಹೇಳುತ್ತಿದ್ದ: "ಸ್ವಾಮಿ, ಗಾಡಿಗೆ ಬೇಕಾದ್ದು ಮೂರೇ. ಗಾಳಿ, ಪೆಟ್ರೋಲು, ಕಿಡಿ. ಮೂರರಲ್ಲಿ ಯಾವುದು ಬರ್ತಿಲ್ಲ ಅಂತ ಗಾಡೀನ ಕೇಳಿ. ನಿಮ್ಮ ತಲೇನ ಕೇಳಬೇಡಿ. ತಲೆ ಸುಳ್ಳು ಹೇಳ್ತದೆ."

ಮಾರನೆಯ ದಿನ ಶನಿವಾರ. ಸಂಜೆ ಊಟವಾದ ಮೇಲೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, "ಬಾ, ಕೇಳೋಣ" ಎಂದೆ. "ಯಾರನ್ನ?" ಎಂದ ಮಗ. "ನಿನ್ನ ಕಾರನ್ನ."

ಮೊದಲು ಬ್ಯಾಟರಿ. ಮುಂದಿನ ದೀಪಗಳನ್ನು ಹೊತ್ತಿಸಿ ಸೆಲ್ಫ್ ತಿರುಗಿಸಲು ಹೇಳಿದೆ. ಬ್ಯಾಟರಿ ಸೊರಗಿದ್ದರೆ, ಇಲ್ಲವೆ ಅದರ ತುದಿಗಳಲ್ಲಿ ಕಿಲುಬಿದ್ದರೆ, ದೀಪ ಆರಿದಂತೆ ಮಂಕಾಗುತ್ತದೆ. ಇಲ್ಲಿ ಸ್ವಲ್ಪ ಮಾತ್ರ ಕುಗ್ಗಿತು. ಇಂಜಿನ್ನೂ ಚುರುಕಾಗಿಯೇ ಸುತ್ತಿತು. ಬ್ಯಾಟರಿಯ ತಪ್ಪಿಲ್ಲ.

ಎರಡನೆಯದು ಗಾಳಿ ಮತ್ತು ಪೆಟ್ರೋಲು. ಸ್ಪಿಟ್‌ಫೈರಿಗೆ ಎಸ್.ಯು. ಎಂಬ ಹೆಸರಿನ ಕಾರ್ಬುರೇಟರುಗಳು ಎರಡು. ಸ್ಕಿನ್ನರ್ ಯೂನಿಯನ್ ಎಂಬುದರ ಮೊಟಕು ಅದು. ಸ್ಕಿನ್ನರ್ ಸಹೋದರರು ಜೋಡಿನ ವ್ಯಾಪಾರದ ಮನೆತನದವರು. ಅವರು ಮೊದಮೊದಲು ಮಾಡಿದ ಕಾರ್ಬುರೇಟರಿನಲ್ಲಿ ಚರ್ಮದ ತಿದಿ ಇತ್ತು. ಕಮ್ಮಾರನ ತಿದಿಯ ಮರಿಯೆನ್ನಿ. ಈಗ ಅದರ ಜಾಗದಲ್ಲಿ ಲೋಹದ ಪಿಸ್ಟನ್ನಿದೆ. ಅದನ್ನು ಬೆರಳಿನಿಂದ ಎತ್ತಿ ಬಿಟ್ಟರೆ ತಡೆಯಿಲ್ಲದೆ ಇಳಿದು ಟಕ್ಕೆಂದು ಕೂರಬೇಕು. ಎರಡೂ ಕುಳಿತವು. ಆಮೇಲೆ ಒಂದು ಪ್ಲಗ್ಗನ್ನು ಬಿಚ್ಚಿ ಮೂಗಿನ ಬಳಿ ಹಿಡಿದೆ. ಒದ್ದೆಯಾಗಿತ್ತು, ಪೆಟ್ರೋಲಿನ ವಾಸನೆ ಘಮ್ಮೆಂದಿತು. ಅಂದರೆ ಪಂಪು, ಕೊಳವೆ, ಕಾರ್ಬುರೇಟರು ಎಲ್ಲ ತಮ್ಮ ಕೆಲಸ ಮಾಡಿವೆ. ಮಗ ಆರು ವಾರ ಅನುಮಾನಿಸಿದ ಅರ್ಧದಷ್ಟು ಸಾಮಾನು ಒಂದು ಮೂಗಿನ ಸಾಕ್ಷ್ಯದಿಂದ ನಿರ್ದೋಷಿಯೆಂದು ಬಿಡುಗಡೆಯಾಯಿತು.

ಉಳಿದದ್ದು ಕಿಡಿ. ಪೆಟ್ರೋಲಿನ ಹಬೆ ಹೋಗಲೆಂದು ಗ್ಯಾರೇಜಿನ ಬಾಗಿಲನ್ನು ಪೂರ್ತಿ ತೆರೆಸಿ, ಚೆಲ್ಲಿದ್ದನ್ನು ಒರೆಸಿಸಿ, ಅರ್ಧ ಗಂಟೆ ಬಿಟ್ಟು, ಒಣಗಿದ ಪ್ಲಗ್ಗೊಂದನ್ನು ತಂತಿಗೆ ಸಿಕ್ಕಿಸಿ ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟೆವು. ಸೆಲ್ಫ್ ತಿರುಗಿತು, ಪ್ಲಗ್ಗಿನ ಬಾಯಲ್ಲಿ ಕಿಡಿ ಕಾಣಲಿಲ್ಲ. "ಸಿಕ್ಕಿತು" ಎಂದೆ. "ಏನು ಸಿಕ್ಕಿತು? ಕಿಡಿ ಇಲ್ಲ ಅಂತ ತಾನೆ?" ಎಂದ ಮಗ. ಇಲ್ಲವೆಂಬುದು ಖಚಿತವಾಗಿ ಸಿಕ್ಕಿದರೆ ಅದೂ ಸಿಕ್ಕಿದ್ದೇ.

ಅಷ್ಟರಲ್ಲಿ ಕತ್ತಲಾಗಿತ್ತು. ಗ್ಯಾರೇಜಿನ ದೀಪ ಇಂಜಿನ್ನಿನ ಸಂದಿಗಳನ್ನು ತಲುಪುತ್ತಿರಲಿಲ್ಲ. ಮಗ ಟಾರ್ಚು ತಂದು ನನ್ನ ಕೈಗೆ ಕೊಟ್ಟ. "ನೀವು ಹಿಡಿದಿರಿ ಅಪ್ಪ, ನಾನು ಬಿಚ್ಚುತ್ತೇನೆ."

ನನ್ನ ಕೈ ಈಗ ನಡುಗುತ್ತದೆ. ಎಪ್ಪತ್ತೆಂಟು ವರ್ಷದ ಕೈ. ಬೆಳಕು ಡಿಸ್ಟ್ರಿಬ್ಯೂಟರಿನ ಮೇಲೆ ನಿಲ್ಲದೆ ಅತ್ತಿತ್ತ ಆಡಿತು. ಮಗ ಒಂದು ಮಾತೂ ಆಡದೆ ಬೆಳಕು ಬಂದಾಗ ಕೆಲಸ ಮಾಡುತ್ತ, ಹೋದಾಗ ಕಾಯುತ್ತ ಇದ್ದ. ಅವನು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅಪ್ಪನ ಕಾರಿಗೆ ದೀಪ ಹಿಡಿದ ಮಕ್ಕಳಿಗೆಲ್ಲ ಗೊತ್ತಿದೆ: ಜಗತ್ತಿನಲ್ಲಿ ಅದಕ್ಕಿಂತ ಕೃತಜ್ಞತೆಯಿಲ್ಲದ ಉದ್ಯೋಗ ಇಲ್ಲ. ಎಲ್ಲಿ ಹಿಡಿದರೂ ಅದು ಬೇಕಾದ ಜಾಗವಲ್ಲ. ನನ್ನ ಮಗ ಏಳನೆಯ ವರ್ಷದಿಂದ ಆ ಉದ್ಯೋಗದಲ್ಲಿದ್ದ. ೧೯೮೨ರ ಜನವರಿಯ ಒಂದು ರಾತ್ರಿ ಅದನ್ನು ಬಿಟ್ಟ.

ಆ ಸಂಜೆ ಚಾಮರಾಜನಗರದಿಂದ ತಂತಿ ಬಂತು. ನನ್ನ ಅತ್ತೆಯವರಿಗೆ, ಅಂದರೆ ಹುಡುಗನ ಅಜ್ಜಿಗೆ, ಬಹಳ ಕಾಯಿಲೆ. ಕೂಡಲೇ ಹೊರಡಿ ಎಂದು. ಮೂವರೂ ಹೆರಾಲ್ಡಿನಲ್ಲಿ ಹೊರಟೆವು. ಅರವತ್ತು ಕಿಲೋಮೀಟರು, ಎರಡು ಗಂಟೆಯ ದಾರಿ. ನಂಜನಗೂಡು ದಾಟಿ, ಬದನವಾಳು ದಾಟಿ, ಕವಲಂದೆಯ ಆಚೆ ಗಾಡಿ ನಿಂತಿತು. ಬಾನೆಟ್ಟು ಎತ್ತಿದೆ. ಹುಡುಗ ಟಾರ್ಚು ಹಿಡಿದ. ಚಳಿಗೋ ಹೆದರಿಕೆಗೋ ಅವನ ಕೈ ನಡುಗುತ್ತಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಗಾಡಿ ತಾನಾಗಿ ಹೊರಟಿತು. ನಾಲ್ಕು ಮೈಲಿ ಹೋಗಿ ಮತ್ತೆ ನಿಂತಿತು. ಹೀಗೆ ಆ ರಾತ್ರಿಯೆಲ್ಲ. ನಾವು ಮನೆ ಮುಟ್ಟಿದಾಗ ಬೆಳಗಾಗುತ್ತಿತ್ತು. ಅತ್ತೆಯವರು ನಾಲ್ಕು ಗಂಟೆಗೆ ಹೋಗಿಬಿಟ್ಟಿದ್ದರು. ಕೊನೆಯವರೆಗೂ ಮಗಳ ಹೆಸರು ಹಿಡಿದು ಕೇಳುತ್ತಿದ್ದರಂತೆ.

ದಾರಿಯಲ್ಲಿ ಮೂರನೆಯ ಸಲ ಗಾಡಿ ನಿಂತಾಗ ನಾನು ಹುಡುಗನ ತಲೆಗೆ ಮೊಟಕಿದ್ದೆ. "ದೀಪ ನೆಟ್ಟಗೆ ಹಿಡಿದಿದ್ದರೆ ಇಷ್ಟು ಹೊತ್ತಿಗೆ ಊರು ಸೇರಿರುತ್ತಿದ್ದೆವು" ಎಂದಿದ್ದೆ. ಹತ್ತು ವರ್ಷದ ಹುಡುಗ. ಅವನಿಗೆ ಅಜ್ಜಿಯೆಂದರೆ ಪ್ರಾಣ. ಬೆಳಿಗ್ಗೆ ಅಂಗಳದಲ್ಲಿ ಮಲಗಿಸಿದ್ದ ಅವರನ್ನು ನೋಡಿ ಅವನು ಮೊದಲು ತಿರುಗಿ ನೋಡಿದ್ದು ನನ್ನ ಮುಖವನ್ನು. ಆ ದಿನದಿಂದ ಅವನು ಕಾರಿನ ಹತ್ತಿರ ಸುಳಿಯಲಿಲ್ಲ. ಓದಿನಲ್ಲಿ ಮನಸ್ಸು, ಕೈಕೆಲಸದಲ್ಲಿ ಆಸಕ್ತಿಯಿಲ್ಲ ಎಂದು ನಾನು ಬಂದವರೊಡನೆಲ್ಲ ಹೇಳಿಕೊಂಡು ತಿರುಗಿದೆ.

ಇದೆಲ್ಲ ನೆನಪಾಗುತ್ತಿದ್ದಾಗ ಮಗ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಿದ್ದ. ಅದರ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಬ್ಯಾಟರಿಯ ಹನ್ನೆರಡು ವೋಲ್ಟು ಕಾಯಿಲಿನೊಳಗೆ ಹರಿಯುತ್ತಿರುತ್ತದೆ. ಪಾಯಿಂಟುಗಳು ಸರಕ್ಕನೆ ಬಿಟ್ಟುಕೊಂಡಾಗ ಆ ಹರಿವು ಕಡಿದು, ಕಾಯಿಲಿನ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ. ಅದು ದಪ್ಪ ತಂತಿಯಲ್ಲಿ ಬಂದು ಮುಚ್ಚಳದ ನಡುವೆ ಇಳಿಯುತ್ತದೆ. ಅಲ್ಲಿ ರೋಟರೆಂಬ, ಹೆಬ್ಬೆರಳಿನ ಗಾತ್ರದ ಕರಿಯ ತುಂಡು ಸುತ್ತುತ್ತಿರುತ್ತದೆ. ತಲೆಯ ಮೇಲೆ ಹಿತ್ತಾಳೆಯ ಪಟ್ಟಿ. ಊಟಕ್ಕೆ ಬಡಿಸುವವನಂತೆ ಅದು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ನಾಲ್ಕು ಪ್ಲಗ್ಗುಗಳಿಗೂ ಕಿಡಿ ಹಂಚುತ್ತದೆ.

ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಇಂಜಿನ್ನಿನ ಲೋಹದ ಸಮೀಪ ಹಿಡಿದು ನೋಡಿದೆವು. ಚಟ್ಟೆಂದು ನೀಲಿ ಕಿಡಿ ಹಾರಿತು. ಹಾಗಾದರೆ ಕಾಯಿಲು, ಪಾಯಿಂಟು, ಕಂಡೆನ್ಸರು ಎಲ್ಲ ಸರಿ. ಕಿಡಿ ಡಿಸ್ಟ್ರಿಬ್ಯೂಟರಿನವರೆಗೆ ಬರುತ್ತಿದೆ, ಪ್ಲಗ್ಗಿಗೆ ಹೋಗುತ್ತಿಲ್ಲ. ಬಾಗಿಲವರೆಗೆ ಬಂದ ಅಡಿಗೆ ಎಲೆಗೆ ಬೀಳುತ್ತಿಲ್ಲ.

"ರೋಟರ್ ನೋಡೋಣ" ಎಂದೆ.

"ಅದು ಹೊಸದು ಅಪ್ಪ. ಹದಿನೈದು ದಿನ ಓಡಿದೆ ಅಷ್ಟೆ. ಅದನ್ನ ಬಿಟ್ಟು ಬೇರೆ ಏನು ಬೇಕಾದರೂ ಇರಬಹುದು."

"ಹೊಸದು ಅಂದರೆ ಒಳ್ಳೇದು ಅಂತಲ್ಲ ಕಣೋ. ಹೊಸದು ಅಂದರೆ ಇನ್ನೂ ಪರೀಕ್ಷೆಯಾಗಿಲ್ಲ ಅಂತ."

ನಾಲ್ಕನೆಯ ಗೇರಿಗೆ ಹಾಕಿ, ಪಾಯಿಂಟುಗಳು ಒಂದಕ್ಕೊಂದು ತಾಗುವವರೆಗೆ ಗಾಡಿಯನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ತಳ್ಳಿದೆವು. ಆಮೇಲೆ ಮೇಸ್ತ್ರಿ ಕಲಿಸಿದ್ದ ಪರೀಕ್ಷೆ. ದಪ್ಪ ತಂತಿಯನ್ನು ರಬ್ಬರು ಹಿಡಿಯ ಇಕ್ಕಳದಲ್ಲಿ ಹಿಡಿದು ರೋಟರಿನ ಹಿತ್ತಾಳೆಯ ಮೇಲೆ ಕಾಲಂಗುಲ ಎತ್ತರದಲ್ಲಿ ನಿಲ್ಲಿಸಬೇಕು. ಕೀಲಿ ಹಾಕಿ ಪಾಯಿಂಟುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಬಿಡಿಸಬೇಕು. ಮುಚ್ಚಳ ತೆಗೆದಿರುವುದರಿಂದ ಹಿತ್ತಾಳೆಗೆ ಬಿದ್ದ ಕಿಡಿಗೆ ಮುಂದೆ ದಾರಿಯಿಲ್ಲ. ರೋಟರು ಗಟ್ಟಿಯಾಗಿದ್ದರೆ ಕಿಡಿ ಹಾರುವಂತಿಲ್ಲ. ಹಾರಿತೆಂದರೆ ಅದರ ಕರಿಯ ಮೈಯೊಳಗೇ ಎಲ್ಲೋ ಕಣ್ಣಿಗೆ ಕಾಣದ ತೂತಾಗಿ, ಕಿಡಿ ಅಲ್ಲಿಂದ ಇಳಿದು ಒಳಗಿನ ಲೋಹದ ದಂಡಕ್ಕೆ ಸೋರಿಹೋಗುತ್ತಿದೆ ಎಂದರ್ಥ.

ಮಗ ಪಾಯಿಂಟು ಬಿಡಿಸಿದ. ಚಟ್. ಮತ್ತೆ ಬಿಡಿಸಿದ. ಚಟ್. ಪ್ರತಿ ಸಲವೂ ಕಿಡಿ ರೋಟರಿನ ತಲೆಗೆ ಹಾರಿ ಮಾಯವಾಯಿತು.

ಅವನು ಅದನ್ನು ಕಳಚಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಹಳೆಯ ಕಾರುಗಳಿಗೆ ಈಗ ಮಾಡಿ ಮಾರುವ ಬಿಡಿಭಾಗಗಳಲ್ಲಿ ಇಂಥ ಕಳಪೆ ರೋಟರುಗಳೂ ಕಂಡೆನ್ಸರುಗಳೂ ಬಂದಿವೆಯೆಂದು ಅಲ್ಲಿನ ಕಾರು ಪ್ರೇಮಿಗಳು ವರ್ಷಗಳಿಂದ ದೂರುತ್ತಾರಂತೆ. ಮಗ ಅದನ್ನೂ ಓದಿದ್ದ. ಆದರೆ ತನ್ನ ಕೈಯಿಂದ ಹಾಕಿದ್ದರ ಮೇಲೆ ಅನುಮಾನ ಬರಲಿಲ್ಲ. ಯಾರಿಗೂ ಬರುವುದಿಲ್ಲ.

"ನಿಮಗೆ ಹೇಗೆ ಹೊಳೀತು ಅಪ್ಪ?"

"ಮೇಸ್ತ್ರಿ ಹೇಳಿದ್ದ. ಕೊನೆಗೆ ಮುಟ್ಟಿದ್ದನ್ನ ಮೊದಲು ನೋಡಬೇಕು ಅಂತ."

"ಯಾವಾಗ ಹೇಳಿದ್ದು?"

ಸಹಜವಾದ ಪ್ರಶ್ನೆ. ಸುಳ್ಳು ಹೇಳಬಹುದಿತ್ತು, 'ಯಾವಾಗಲೋ' ಎಂದರೆ ಸಾಕಾಗಿತ್ತು. ಟಾರ್ಚಿನ ಬೆಳಕು ಮಾತ್ರ ನಮ್ಮಿಬ್ಬರ ನಡುವೆ ನಡುಗುತ್ತಿತ್ತು. ನಾನು ಅದನ್ನು ಆರಿಸಿದೆ.

"ನಿಮ್ಮ ಅಜ್ಜಿ ಹೋದ ವಾರ" ಎಂದೆ. "ಆ ದಿನ ಬೆಳಿಗ್ಗೆ ನಾನೇ ಗಾಡಿಗೆ ಹೊಸ ಕಂಡೆನ್ಸರು ಹಾಕಿದ್ದೆ. ಅದು ಕೆಟ್ಟದ್ದಾಗಿತ್ತು. ಬಿಸಿಯಾದರೆ ಕೆಲಸ ಬಿಡುತ್ತಿತ್ತು, ಆರಿದರೆ ಮಾಡುತ್ತಿತ್ತು. ಅದಕ್ಕೇ ಆ ರಾತ್ರಿಯೆಲ್ಲ ಹಾಗಾದದ್ದು. ಹಳೆಯದು ಡಿಕ್ಕಿಯಲ್ಲೇ ಇತ್ತು. ಹಾಕಿದ್ದರೆ ಹತ್ತು ನಿಮಿಷದ ಕೆಲಸ. ನನಗೆ ಹೊಳೆಯಲಿಲ್ಲ. ಹೊಸದಲ್ಲವೆ, ನಾನೇ ಹಾಕಿದ್ದಲ್ಲವೆ ಅಂತ. ನೀನು ದೀಪವನ್ನ ಸೂರ್ಯನ ಹಾಗೆ ಹಿಡಿದಿದ್ದರೂ ನನಗೆ ಕಾಣುತ್ತಿರಲಿಲ್ಲ. ತಪ್ಪು ನನ್ನದು. ನಿನ್ನದಲ್ಲ."

ನಲವತ್ತೆರಡು ವರ್ಷ ಹೇಳದೆ ಇಟ್ಟುಕೊಂಡ ಮಾತು. ಹೇಳಿ ಮುಗಿಸಲು ಒಂದು ನಿಮಿಷ ಸಾಲದಷ್ಟೂ ಇರಲಿಲ್ಲ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಗೋಡೆಯ ಬೀರುವಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದ. ಅದರ ತುಂಬ ಹಳೆಯ ಪ್ಲಗ್ಗು, ತಿರುಪು, ವಾಷರು. ಯಾವುದನ್ನೂ ಎಸೆಯದ ಆ ರೋಗ ಅವನಿಗೆ ಯಾರಿಂದ ಬಂದಿತೆಂದು ನಾನು ಕೇಳಲಿಲ್ಲ. ಡಬ್ಬಿಯಿಂದ ಹಳೆಯ ರೋಟರನ್ನು ಹುಡುಕಿ ತೆಗೆದು, ಅಂಗಿಯ ತುದಿಯಿಂದ ಒರೆಸಿದ. "ದೀಪ ಹಿಡೀರಿ ಅಪ್ಪ" ಎಂದ. ಹಿಡಿದೆ. ರೋಟರನ್ನು ಕೂರಿಸಿ ಮುಚ್ಚಳ ಹಾಕುತ್ತ, ನನ್ನ ಕಡೆ ತಿರುಗದೆ ಹೇಳಿದ:

"ಅಮ್ಮ ಹೇಳಿದ್ಳು. ನಾನು ಪಿ.ಯು.ಸಿ. ಓದೋವಾಗ. ಮೇಸ್ತ್ರಿ ಮನೆಗೆ ಬಂದು ಹೇಳಿದ್ದನ್ನ ಕೇಳಿಸಿಕೊಂಡಿದ್ಳಂತೆ. 'ಅವರಿಗೆ ಹೇಳೋಕೆ ಬಾಯಿ ಬರೋದಿಲ್ಲ, ನೀನು ಮನಸ್ಸಿನಲ್ಲಿ ಇಟ್ಟುಕೋಬೇಡ' ಅಂದಳು." ಮುಚ್ಚಳದ ಕ್ಲಿಪ್ಪು ಒತ್ತಿದ. "ಆದರೂ ನೀವೇ ಒಂದು ಸಲ ಹೇಳ್ತೀರೇನೋ ಅಂತ ಇದ್ದೆ."

ನಾನು ಏನೆಂದೆನೋ ನೆನಪಿಲ್ಲ. ಏನೂ ಅನ್ನಲಿಲ್ಲವೆಂದು ಕಾಣುತ್ತದೆ. ತನ್ನ ತಾಯಿಯ ಕೊನೆಯ ಗಳಿಗೆ ಯಾರ ತಪ್ಪಿನಿಂದ ಕೈತಪ್ಪಿತೆಂಬುದು ಅವಳಿಗೆ ಗೊತ್ತಿತ್ತು. ಆಮೇಲೆ ನಲವತ್ತು ವರ್ಷ ನನಗೆ ಕಾಫಿ ಕೊಟ್ಟಳು. ಒಂದು ದಿನವೂ ಅದನ್ನು ಎತ್ತಲಿಲ್ಲ.

ಮಗ ಕಾರಿನೊಳಕ್ಕೆ ಇಳಿದು ಚೋಕು ಎಳೆದು ಕೀಲಿ ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು; ಕೆಮ್ಮಿತು; ಹಿಂದಿನಿಂದ ಕರಿಯ ಹೊಗೆ ಉಗುಳಿತು; ಆಮೇಲೆ ನಾಲ್ಕು ಸಿಲಿಂಡರುಗಳೂ ಒಟ್ಟಾಗಿ ಹೊಡೆದುಕೊಂಡವು. ಇಕ್ಕಟ್ಟಾದ ಆ ಗ್ಯಾರೇಜಿನಲ್ಲಿ ಎಂಥ ಸದ್ದೆಂದರೆ, ಸೊಸೆ ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಓಡಿಬಂದಳು. ಬೀದಿಯಲ್ಲಿ ಎರಡು ಮೂರು ಕಿಟಕಿಗಳ ಪರದೆ ಸರಿದವು. ಕೊನೆಗೂ ಇಂಗ್ಲೆಂಡಿನಲ್ಲಿ ಒಂದು ಕಾರಿನ ಸುತ್ತ ಜನ ಸೇರಿದಂತಾಯಿತು.

ಮಾರನೆಯ ದಿನ ಬಿಸಿಲಿತ್ತು. ಚಾವಣಿ ಮಡಿಸಿ, ತಲೆಗೆ ಮಫ್ಲರು ಸುತ್ತಿ, ಮಗ ನನ್ನನ್ನು ಕ್ಯಾನ್ಲಿಗೆ ಕರೆದುಕೊಂಡು ಹೋದ. ಹೆರಾಲ್ಡೂ ಸ್ಪಿಟ್‌ಫೈರೂ ಹುಟ್ಟಿದ ಕಾರ್ಖಾನೆ ಇದ್ದದ್ದು ಕವೆಂಟ್ರಿಯ ಆ ಭಾಗದಲ್ಲಿ. ೧೯೮೦ರಲ್ಲಿ ಅಲ್ಲಿ ಕಾರು ಕಟ್ಟುವುದು ನಿಂತಿತು. ಈಗ ಅಲ್ಲಿ ಅಂಗಡಿಗಳು, ಕಚೇರಿಗಳು. ಹಳೆಯ ಕಾರುಗಳ ಹೆಸರು ರಸ್ತೆಗಳಿಗೆ ಉಳಿದಿದೆ. ಹೆರಾಲ್ಡ್ ಅವೆನ್ಯೂ ಎಂಬ ಹಲಗೆಯ ಮುಂದೆ ಮಗ ಗಾಡಿ ನಿಲ್ಲಿಸಿದ. ಇಂಜಿನ್ನನ್ನು ಆರಿಸಲಿಲ್ಲ, ಇಬ್ಬರಿಗೂ ಅಷ್ಟು ಧೈರ್ಯವಿರಲಿಲ್ಲ. ದಾರಿಯುದ್ದಕ್ಕೂ ಅವನು ಅಜ್ಜಿಯ ವಿಷಯ ಮಾತನಾಡಿದ. ಅವರು ಮಾಡುತ್ತಿದ್ದ ಕೊಬ್ಬರಿಮಿಠಾಯಿ, ಅವರ ನಶ್ಯದ ಡಬ್ಬಿ. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಅವನ ಬಳಿ ಇದ್ದವು.

ಮನೆಗೆ ಬಂದ ಮೇಲೆ ಅವನು ಆ ಹೊಳೆಯುವ ರೋಟರನ್ನು ಡಬ್ಬಿಗೆ ಹಾಕಲು ಹೋದ. ನಾನು ತಡೆದೆ. ಗುರುತಿಲ್ಲದೆ ಒಳಗೆ ಸೇರಿದ ಕೆಟ್ಟ ಸಾಮಾನು ಹತ್ತು ವರ್ಷದ ಮೇಲಾದರೂ ಒಳ್ಳೆಯದರ ವೇಷದಲ್ಲಿ ಹೊರಗೆ ಬರುತ್ತದೆ. ಇದೂ ಮೇಸ್ತ್ರಿಯ ಮಾತೇ. ಸೊಸೆ ಒಂದು ಚೀಟಿ ಕೊಟ್ಟಳು. ಮಗ ಅದರ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ರೋಟರಿಗೆ ಸುತ್ತಿ ದಾರ ಕಟ್ಟಿದ: "ಹೊಸದು. ಕೆಟ್ಟಿದೆ."